ಕೆಸರಾಳಿನ ಎಡಗಿವಿ

ಫೆಬ್ರವರಿ 4

ಮಾವನಿಗೆ,

ನಿಮ್ಮ 'ಏಳು ಕೋಟೆ' ಆಟದ ನಿಯಮದ ನೋಟ್‌ಬುಕ್ಕು, ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟ ಇಪ್ಪತ್ತು ಸೀಸದ ಗೊಂಬೆಗಳು ಎಲ್ಲವೂ ಬಂದು ಸೇರಿದವು. ಒಬ್ಬ ಸೈನಿಕನ ಈಟಿ ಮಾತ್ರ ಬಾಗಿತ್ತು. ನೀವು ಕಲಿಸಿದ ಹಾಗೆ ಎರಡು ಉಗುರಿನ ನಡುವೆ ಹಿಡಿದು ನಿಧಾನವಾಗಿ ನೆಟ್ಟಗೆ ಮಾಡಿದೆ. ಮುರಿಯಲಿಲ್ಲ.

ಆ ಆಟವನ್ನು ಪುಸ್ತಕ ಮಾಡುವ ಕೆಲಸ ಒಪ್ಪಿಕೊಂಡಿದ್ದೇನೆ. ಪ್ರಕಾಶಕರ ಒಪ್ಪಿಗೆಯೂ ಬಂದಿದೆ: ನಿಯಮ ಅವರ ನೀಲಿ ಪುಸ್ತಕದ್ದು, ಲೋಕ ನಿಮ್ಮದು, ಬರವಣಿಗೆ ನನ್ನದು. ಜುಲೈ ಕೊನೆಗೆ ಹಸ್ತಪ್ರತಿ ಕೊಡಬೇಕು. ಹಗಲೆಲ್ಲ ಪ್ರೆಸ್ಸಿನಲ್ಲಿ ಬೇರೆಯವರ ತಪ್ಪು ತಿದ್ದುತ್ತೇನೆ. ಸಂಜೆ ಎರಡು ಗಂಟೆ ನಿಮ್ಮ ಕೋಟೆಗಳಿಗೆ.

ನೀಲಿ ಪುಸ್ತಕವನ್ನು ಮುಟ್ಟುವುದೇ ಇಲ್ಲ ಎಂದು ನೀವು ಹಟ ಹಿಡಿದಿರುವುದರಿಂದ ನಾನೇ ಹೇಳಬೇಕು. ನಿಮ್ಮ ಆಟದಲ್ಲಿ ಆಡುವವನ ಕೈಯಲ್ಲಿ ಒಂದು ಇಡೀ ಸೈನ್ಯ. ಅವನು ಮೇಜಿನ ಮೇಲೆ ಬಗ್ಗಿ, ಮೇಲಿನಿಂದ ನೋಡುತ್ತ ಗೊಂಬೆಗಳನ್ನು ಸರಿಸುತ್ತಾನೆ. ನೀಲಿ ಪುಸ್ತಕದ ಆಟದಲ್ಲಿ ಒಬ್ಬರಿಗೆ ಒಂದೇ ಪಾತ್ರ. ಸುತ್ತ ಕೂತು ಮಾತಿನಲ್ಲೇ ಆಡುವುದು. ಒಬ್ಬರು ಆಟ ನಡೆಸುತ್ತಾರೆ. "ಬಾಗಿಲು ಮುಚ್ಚಿದೆ, ಒಳಗೆ ಯಾರೋ ಕೆಮ್ಮಿದರು, ನೀನೇನು ಮಾಡುತ್ತೀಯ?" ಎಂದು ಕೇಳುತ್ತಾರೆ. ನಾವು ಆ ಪಾತ್ರವೇ ಆಗಿ ಉತ್ತರ ಕೊಡಬೇಕು. ಅನುಮಾನ ಬಂದಲ್ಲಿ ದಾಳ.

ನನಗೆ ಆ ಪುಸ್ತಕದಲ್ಲಿ ತುಂಬ ಹಿಡಿಸಿದ್ದು ಒಂದು ನಿಯಮ. ಆಟಕ್ಕೆ ಯಾರನ್ನೇ ತನ್ನಿ, ಅವರದೊಂದು ಹಾಳೆ ಇರಬೇಕು. ಬಲ, ವೇಗ ಇತ್ಯಾದಿ ಬರೆದ ಮೇಲೆ ಕೆಳಗೆ ಮೂರು ಖಾನೆ: ಬೇಕು, ಭಯ, ಗುಟ್ಟು. ಇವನಿಗೆ ಏನು ಬೇಕು, ಯಾವುದರ ಭಯ, ಏನನ್ನು ಮುಚ್ಚಿಟ್ಟಿದ್ದಾನೆ. ಒಂದು ಖಾನೆ ಖಾಲಿ ಇದ್ದರೆ ಆಡುತ್ತಾ ತುಂಬಬಹುದು. ಮೂರೂ ಖಾಲಿ ಇದ್ದರೆ ಆ ಜೀವ ಆಟದೊಳಗೆ ಕಾಲಿಡುವಂತಿಲ್ಲ.

ಕೋಟೆಯವರ ಹಾಳೆಗಳನ್ನು ಒಂದು ವಾರದಲ್ಲಿ ಮುಗಿಸಿದೆ. ಕೋಟೆಯ ವೈರಿಗಳಾದ ಕೆಸರಾಳುಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅವರ ಬಗ್ಗೆ ಇರುವುದು ಇಷ್ಟೇ: "ಹೆದರುವುದಿಲ್ಲ. ಓಡುವುದಿಲ್ಲ. ಶರಣಾಗುವುದಿಲ್ಲ. ದಾಳದಲ್ಲಿ ನಾಲ್ಕು ಬಿದ್ದರೆ ತೆಗೆಯಿರಿ." ಅವರು ಏನು ತಿನ್ನುತ್ತಾರೆ? ಮನೆ ಎಲ್ಲಿ? ಹೆಂಗಸರು, ಮಕ್ಕಳು ಇಲ್ಲವೇ? ಮೂರು ಖಾನೆಗೆ ನೀವೇ ಉತ್ತರ ಬರೆಯಬೇಕು.

ಇನ್ನೊಂದು ಚಿಕ್ಕ ವಿಷಯ. ಕೆಸರಾಳಿನ ಎಡಗಿವಿಯ ಮೇಲ್ಭಾಗ ಕಿತ್ತುಹೋದ ಹಾಗಿದೆ. ಪುಸ್ತಕಕ್ಕೆ ಚಿತ್ರ ಬರೆಯುವವಳು ಅದನ್ನೂ ಬರೆಯಲಾ ಎಂದು ಕೇಳುತ್ತಿದ್ದಾಳೆ. ಬರೆಯಬೇಕೇ?

ಫೋನು ನಿಮ್ಮ ಕಿವಿಗೆ ಆಗಿಬರುವುದಿಲ್ಲ, ನನಗೂ ಬೀದಿಗೆಲ್ಲ ಕೇಳುವ ಹಾಗೆ ಕಿರುಚಲು ಬೇಸರ. ಪತ್ರವನ್ನೇ ಬರೆಯಿರಿ. ನಿಮ್ಮ ಅಕ್ಕ, ನಮ್ಮಮ್ಮ, ಚೆನ್ನಾಗಿದ್ದಾಳೆ. ಲಾಂಡ್ರಿಯಲ್ಲಿ ಈಗ ಕೂತು ಇಸ್ತ್ರಿ ಮಾಡಲು ಸ್ಟೂಲು ಕೊಟ್ಟಿದ್ದಾರೆ. ನಾನು ಜಗಳವಾಡಿ ಕೊಡಿಸಿದ್ದು.

ನಿಮ್ಮ ಸೊಸೆ

&nbsp;

ಫೆಬ್ರವರಿ 13

ಕರಪತ್ರಮ್ಮನವರಿಗೆ ಮಾವನ ಆಶೀರ್ವಾದ.

ನಿನ್ನ ಪತ್ರ ಓದಿ ಒಬ್ಬನೇ ನಕ್ಕೆ. ಕೆಸರಾಳಿಗೆ ಏನು ಬೇಕಂತೆ! ಇನ್ನು ಮೇಲೆ ಸುತ್ತಿಗೆಯನ್ನೂ ಕೂರಿಸಿಕೊಂಡು ಕೇಳು, ಅಪ್ಪಾ ನಿನಗೆ ತಲೆ ನೋಯುತ್ತದಾ ಅಂತ.

ತುಂಬಿ ಕೊಡಿ ಅಂದೆಯಲ್ಲ, ಬರೆದುಕೋ. ಬೇಕು: ಇಲ್ಲ. ಭಯ: ಇಲ್ಲ. ಗುಟ್ಟು: ಇಲ್ಲ. ಒಂದೂ ಖಾಲಿ ಬಿಟ್ಟಿಲ್ಲ. ನಿನ್ನ ನೀಲಿ ಪುಸ್ತಕದವರು ಇನ್ನು ಬಾಯಿ ಮುಚ್ಚಿಕೊಂಡಿರಲಿ.

ಕಥೆ ನಿನಗೆ ಗೊತ್ತಿರುವುದೇ. ಏಳು ಕೋಟೆಗೆ ಶತ್ರು ಮುತ್ತಿಗೆ ಹಾಕಿ ನಲವತ್ತು ದಿನ. ಜನ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಂತರು. ನಲವತ್ತೊಂದನೇ ದಿನ ಬೆಳಗಿನ ಜಾವ ಒಳಗಿನವರೇ ಕೆಲವರು ಬಾಗಿಲು ತೆಗೆದರು. ಅವರನ್ನು ನೆಲ ಒಪ್ಪಲಿಲ್ಲ, ಕೆಸರು ನುಂಗಿತು. ಕೆಸರಿನಿಂದ ಎದ್ದು ಬಂದಾಗ ಎಲ್ಲರಿಗೂ ಒಂದೇ ಮುಖ. ದ್ರೋಹಕ್ಕೆ ಎಷ್ಟು ಮುಖ ಇರುತ್ತದೆ ಹೇಳು? ಒಂದೇ. ಅದಕ್ಕೇ ಒಂದೇ ಅಚ್ಚು.

ಕಿವಿಯ ವಿಷಯ: ಸೀಸ ಹೊಯ್ಯುವಾಗ ಗಾಳಿಗುಳ್ಳೆ ನಿಂತಿದೆ, ಅಷ್ಟೇ. ಪೂರ್ತಿ ಕಿವಿ ಬರೆಯಲು ಹೇಳು.

ಅಚ್ಚುಗಳು ಸವೆದಿವೆ. ಈಗ ಹೊಯ್ದರೆ ಸೇನಾಪತಿಗೂ ಮೂಗು ಬರುವುದಿಲ್ಲ. ಆಟಿಕೆ ಅಂಗಡಿಯವನು ನನ್ನ ಕಪಾಟನ್ನು ಬ್ಯಾಟರಿ ಕಾರುಗಳಿಗೆ ಕೊಟ್ಟಿದ್ದಾನೆ. ಇಪ್ಪತ್ತೆರಡು ವರ್ಷ ಶೆಡ್ಡಿನಲ್ಲಿ ಕೂತು ಹೊಗೆ ಕುಡಿದು ಕಟ್ಟಿದ ಲೋಕ ಇದು. ನಿನ್ನ ಪುಸ್ತಕ ಬಂದರೆ ಉಳಿಯುತ್ತದೆ. ಇಲ್ಲದಿದ್ದರೆ ನನ್ನ ಜೊತೆಗೇ ಮಣ್ಣು. ಆದ್ದರಿಂದ ತಲೆಹರಟೆ ಸಾಕು, ಬೇಗ ಬರಿ.

ಅಕ್ಕನಿಗೆ ಸ್ಟೂಲು ಕೊಡಿಸಿದ್ದಕ್ಕೆ ಶಹಬ್ಬಾಸ್. ಅಲ್ಲಿಗೆ ಸರಿ ನಿನ್ನ ಜಗಳ.

ಮಾವ

&nbsp;

ಫೆಬ್ರವರಿ 20

ಮಾವನಿಗೆ,

ಭಾನುವಾರ ನಿಮ್ಮ ಆಟ ಆಡುವವರನ್ನು ನೋಡಲು ಹೋಗಿದ್ದೆ. ಸೈಕಲ್ ಅಂಗಡಿಯ ಮೇಲಿನ ಕೋಣೆ. ಎರಡು ಬಾಗಿಲು ಜೋಡಿಸಿ ಮೇಜು ಮಾಡಿಕೊಂಡಿದ್ದಾರೆ. ಐದು ಜನ ಗಂಡಸರು, ಕಿಟಕಿ ಮುಚ್ಚಿ, ಬೆವರು ಮತ್ತು ವಾರ್ನಿಶ್ ವಾಸನೆಯ ನಡುವೆ. ನಿಮ್ಮ ಹೆಸರು ಹೇಳಿದ ಕೂಡಲೇ ಎದ್ದು ಕುರ್ಚಿ ಕೊಟ್ಟರು. ನೀವು ಅವರಿಗೆ ದೇವರು. ಅದನ್ನು ಕೇಳಿ ಖುಷಿಪಡಿ, ಏಕೆಂದರೆ ಮುಂದೆ ಖುಷಿಪಡುವಂಥದ್ದು ಏನೂ ಇಲ್ಲ.

ಕೆಸರಾಳುಗಳನ್ನು ಅವರು ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆಯುವುದಿಲ್ಲ. ಹುರಿಗಡಲೆ ಸುರಿದ ಹಾಗೆ ಮೇಜಿನ ಮೇಲೆ ಸುರಿಯುತ್ತಾರೆ. ಸತ್ತವರನ್ನು ಅಂಗೈಯಲ್ಲಿ ಗುಡಿಸಿ ಎಂಜಲು ಲೋಟವಿದ್ದ ತಟ್ಟೆಗೆ ಹಾಕುತ್ತಾರೆ. ಒಬ್ಬನಂತೂ ದಾಳದ ಸರದಿ ಬರುವ ತನಕ ಒಂದು ಕೆಸರಾಳಿನ ಈಟಿಯಿಂದ ಹಲ್ಲುಸಂದಿ ಕೆದಕುತ್ತಿದ್ದ. ಕೆದಕಿ, ನೋಡಿ, ಅದನ್ನು ಪ್ಯಾಂಟಿಗೆ ಒರೆಸಿ, ಮತ್ತೆ ಯುದ್ಧಕ್ಕೆ ನಿಲ್ಲಿಸಿದ.

"ಇವರು ಯಾಕೆ ಓಡಿಹೋಗಲ್ಲ?" ಎಂದು ಕೇಳಿದೆ.

ಅವರಲ್ಲಿ ಹಿರಿಯರು ಒಬ್ಬ ಶಾಲಾ ಮೇಷ್ಟ್ರು. "ಓಡೋದಕ್ಕೆ ಮನೆ ಅಂತ ಒಂದಿರ್ಬೇಕಲ್ಲಮ್ಮ. ಇವಕ್ಕೆಲ್ಲಿ ಮನೆ?" ಅಂದರು.

"ಇವಕ್ಕೆ ಅಂತೀರಲ್ಲ ಸಾರ್, ಕೈಕಾಲು ಮುಖ ಎಲ್ಲಾ ಇದೆ."

"ಅಯ್ಯೋ, ಇವಕ್ಕೆ ಮರ್ಯಾದೆ ಬೇರೆ ಕೇಡು! ನಾಲ್ಕು ಬಿದ್ರೆ ಗುಡಿಸು, ಮುಗೀತು. ನಿಮ್ಮ ಮಾವನೇ ಬರೆದಿರೋ ನಿಯಮ."

ಇಷ್ಟಾದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆಟ ಮುಗಿಸಿ ಎಲ್ಲರೂ ಮೆಟ್ಟಿಲಿಳಿದೆವು. ಕೆಳಗೆ ಚರಂಡಿಯ ಮುಚ್ಚಳ ತೆಗೆದು ಇಬ್ಬರು ಕೆಲಸ ಮಾಡುತ್ತಿದ್ದರು, ಮೊಣಕಾಲಿನ ತನಕ ಕಪ್ಪು ನೀರು. ಅದೇ ಮೇಷ್ಟ್ರು ಮೂಗು ಮುಚ್ಚಿಕೊಂಡು, "ನೋಡ್ರಪ್ಪಾ, ಕೆಸರಾಳುಗಳು ಪೆಟ್ಟಿಗೆ ಬಿಟ್ಟು ಬಂದಿವೆ," ಅಂದರು. ಐವರೂ ನಕ್ಕರು. ಚರಂಡಿಯಲ್ಲಿದ್ದವನು ತಲೆ ಎತ್ತಿ, ತನಗೆ ಕೇಳಿಸದ ಯಾವುದೋ ತಮಾಷೆ ಇದೆ ಎಂಬಂತೆ, ತಾನೂ ಸ್ವಲ್ಪ ನಕ್ಕ.

ಮಾವ, ನಾನು ಅವರ ಜೊತೆ ಮುಂದಕ್ಕೆ ಹೋಗಲಿಲ್ಲ. ಸೈಕಲ್ ಅಂಗಡಿಯ ಪಕ್ಕದಲ್ಲೇ ನಿಂತುಕೊಂಡೆ. ಒಬ್ಬ ಮನುಷ್ಯನಿಗೆ ಏನೂ ಬೇಡ, ಅವನಿಗೆ ಭಯವಿಲ್ಲ, ಮನೆಯಿಲ್ಲ ಎಂದು ಮೊದಲು ನಂಬಿಸಬೇಕು. ಆಮೇಲೆ ಅವನನ್ನು ಏನು ಮಾಡಿದರೂ ನಡೆಯುತ್ತದೆ. ಜಗತ್ತಿನ ಎಲ್ಲ ಚರಂಡಿಗಳಿಗೂ ಜನರನ್ನು ಇಳಿಸಿದ್ದು ಇದೇ ನಿಯಮ. ಇದನ್ನು ನನಗೆ ಕಲಿಸಿದ ಕಾರ್ಮಿಕ ಸಂಘದ ಕರಪತ್ರಗಳು ನಿಮ್ಮ ಶೆಡ್ಡಿನ ಕಪಾಟಿನಲ್ಲೇ ಇದ್ದವು. ನೀವೇ ಹೇಗೆ ಇಂಥದ್ದನ್ನು ಅಚ್ಚು ಹೊಯ್ದಿರಿ?

"ಇಲ್ಲ, ಇಲ್ಲ, ಇಲ್ಲ" ಎಂಬುದನ್ನು ನಾನು ಹಾಳೆಯಲ್ಲಿ ಬರೆಯುವುದಿಲ್ಲ. ಮೂರು ಉತ್ತರ ಬರಲಿ, ಇಲ್ಲದಿದ್ದರೆ ಪುಸ್ತಕದಿಂದ ನನ್ನ ಹೆಸರು ತೆಗೆಯುತ್ತೇನೆ. ನಾನು ಬಿಟ್ಟರೆ ಇದನ್ನು ಬರೆಯುವವರು ಯಾರೂ ಇಲ್ಲ ಎಂದು ನಿಮಗೂ ಗೊತ್ತು.

ಸೊಸೆ

&nbsp;

ಮಾರ್ಚ್ 2

ಓದಿದೆ. ಎರಡು ಸಲ ಓದಿದೆ.

ಮೇಷ್ಟ್ರ ನಾಲಿಗೆಗೆ ನಾನು ಹೊಣೆಯಾ? ಚಾಕು ಮಾಡಿದವನು ಕೊಲೆಗೆ ಹೊಣೆಯಾ? ಹೌದು ಎಂದು ನೀನು ಒಂದು ಕರಪತ್ರ ಬರೆಯಬಹುದು, ಬರಿ.

ಆದರೆ ದ್ರೋಹಿಗೂ ಒಂದು 'ಬೇಕು' ಇರುತ್ತದೆ ಎಂದು ನನಗೆ ಪಾಠ ಹೇಳಬೇಡ. ನೀನಂತೂ ಹೇಳಲೇಬೇಡ. ಎರಕದ ಕಾರ್ಖಾನೆಯಲ್ಲಿ ನಲವತ್ತು ದಿನ ನಾವು ಕೆಲಸ ನಿಲ್ಲಿಸಿ ಬಾಗಿಲಲ್ಲಿ ಕೂತಿದ್ದಾಗ ಯಾರು ಒಳಗೆ ಹೋದದ್ದು? ನಿನ್ನ ಅಪ್ಪ. ಯಾರು ಒಳಗಿನಿಂದಲೇ ಮಾಲೀಕರ ಲಾರಿ ಹತ್ತಿ ಊರು ಬಿಟ್ಟದ್ದು? ನಿನ್ನ ಅಪ್ಪ. ಹನ್ನೊಂದು ತಿಂಗಳ ಕೂಸು ನೀನು. ಆಮೇಲೆ ಯಾರಿಗೂ ಆ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ. ನಿನ್ನನ್ನೂ ಅಕ್ಕನನ್ನೂ ಸಾಕಿದ್ದು ಈ ಗೊಂಬೆಗಳು. ಕೆಸರಾಳುಗಳೇ ಸಾಕಿದ್ದು ಅನ್ನು, ಅವೇ ಹೆಚ್ಚು ಖರ್ಚಾಗುತ್ತಿದ್ದದ್ದು.

ಸಿಟ್ಟು ಇಲ್ಲದಿದ್ದರೆ ನಾನು ಆವತ್ತೇ ಬಿದ್ದುಹೋಗುತ್ತಿದ್ದೆ. ಅದೊಂದೇ ನನ್ನನ್ನು ನಿಲ್ಲಿಸಿದ್ದು. ಅದಕ್ಕೆ ಖಾನೆ ಇದೆಯಾ ನಿನ್ನ ಹಾಳೆಯಲ್ಲಿ?

ಮಾವ

&nbsp;

ಮಾರ್ಚ್ 9

ಮಾವನಿಗೆ,

ಅಪ್ಪನ ಮಾತನ್ನು ನೀವು ತೆಗೆಯಬೇಕಿರಲಿಲ್ಲ. ಅವನ ವಿಷಯದಲ್ಲಿ ನಮಗಿಬ್ಬರಿಗೂ ಜಗಳವಿಲ್ಲ. ಅವನ ಮುಖ ನನಗೆ ನೆನಪಿಲ್ಲ, ಫೋಟೋವನ್ನು ನೀವು ಸುಟ್ಟಿರಿ, ಒಳ್ಳೆಯದೇ ಆಯಿತು. ನಾನು ಏನಾಗಿದ್ದೇನೋ ಅದು ಅವನ ಹಾಗೆ ಆಗಬಾರದು ಎಂದೇ ಆಗಿದ್ದು. ಹೋದ ವರ್ಷ ಪ್ರೆಸ್ಸಿನಲ್ಲಿ ಕೆಲಸ ನಿಲ್ಲಿಸಿದಾಗ ಹಿಂಬಾಗಿಲಿನಿಂದ ಒಳಗೆ ಹೋದ ಬೈಂಡರನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ ಅವನ ಮನೆ ಗೋಡೆಗೇ ಅಂಟಿಸಿದವಳು ನಾನು. ಅಂಟು ಒಣಗುವ ತನಕ ಅಲ್ಲೇ ನಿಂತಿದ್ದೆ. ನಿಮ್ಮ ಸೊಸೆಗೆ ದ್ರೋಹಿಗಳ ಮೇಲೆ ಕನಿಕರ ಬಂದಿದೆ ಎಂದುಕೊಳ್ಳಬೇಡಿ.

ನನ್ನ ತಕರಾರು ಬೇರೆ. ದ್ರೋಹ ಮಾಡಿದವನು ಒಬ್ಬ. ನೀವು ಒಂದು ಕುಲವನ್ನೇ ಹೊಯ್ದಿದ್ದೀರಿ.

ಶನಿವಾರ ನಮ್ಮ ಕೋಣೆಯಲ್ಲಿ ನೀಲಿ ಪುಸ್ತಕದ ನಿಯಮದಲ್ಲಿ ಒಂದು ಆಟ ನಡೆಸಿ ನೋಡಿದೆ. ಬಸ್ಸಿನ ಕಂಡಕ್ಟರ್ ಒಬ್ಬ, ಚಿತ್ರ ಬರೆಯುವವಳು, ಕೆಳಗಿನ ಮನೆಯ ದರ್ಜಿ ಅಕ್ಕ, ಮೂವರೂ ಕೋಟೆಯ ಕಾವಲಿನವರು. ಕೆಸರಿನ ದಾರಿಯಲ್ಲಿ ಒಬ್ಬ ಕೆಸರಾಳು ಎದುರಾದ ಎಂದೆ. ಕಂಡಕ್ಟರ್ "ಟಿಕೆಟ್ ತಗೊಂಡಿದಾನಾ ಕೇಳು, ಇಲ್ಲಾಂದ್ರೆ ಇಳ್ಸು," ಎಂದು ದಾಳಕ್ಕೆ ಕೈ ಹಾಕಿದ. ದರ್ಜಿ ಅಕ್ಕ ಅವನ ಕೈ ಹಿಡಿದು, "ಇರಪ್ಪ, ಮಾತಾಡ್ಸೋಣ," ಎಂದು ನನ್ನ ಕಡೆ ತಿರುಗಿದಳು.

"ಏನಪ್ಪಾ, ಒಬ್ನೇ ನಿಂತಿದೀಯ. ಉಂಡಿದೀಯಾ?"

ನಾನು ಅವನಾಗಿ ಉತ್ತರ ಕೊಡಬೇಕಿತ್ತು. ಹಾಳೆ ನೋಡಿದೆ. ನಿಮ್ಮ ಮೂರು 'ಇಲ್ಲ' ಇದ್ದವು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಮೂವರೂ ಕಾಯುತ್ತ ಕೂತರು. ಕೊನೆಗೆ ದರ್ಜಿ ಅಕ್ಕನೇ, "ಪಾಪ, ಮೂಗನೇನೋ," ಅಂದಳು. ಆಟ ಅಲ್ಲಿಗೆ ಬಿದ್ದುಹೋಯಿತು.

ಉತ್ತರ ಕೊಡುವುದು ನಿಮಗೆ ಕಷ್ಟವಾದರೆ ಒಂದು ಸಹಾಯ ಮಾಡಿ. ಅಚ್ಚು ತೆಗೆಯುವ ಮೊದಲು ಕೈಯಿಂದ ತಿದ್ದಿದ ಮೂಲಗೊಂಬೆಗಳಿವೆಯಲ್ಲ, ಅವನ್ನು ಕಳಿಸಿ. ಚಿತ್ರ ಬರೆಯುವವಳಿಗೆ ಬೇಕು. ಮುಖ ಸರಿಯಾಗಿ ಕಂಡರೆ ಅವನಿಗೆ ಏನು ಬೇಕು ಎಂದು ನಾನೇ ಊಹಿಸುತ್ತೇನೆ.

ಸೊಸೆ

&nbsp;

ಏಪ್ರಿಲ್ 11

ಶೆಡ್ಡಿನ ಅಟ್ಟದಲ್ಲಿದ್ದ ಮರದ ಪೆಟ್ಟಿಗೆಯನ್ನು ಹಾಗೇ ಕಳಿಸುತ್ತಿದ್ದೇನೆ. ಒಳಗೆ ಏನೇನಿದೆ ನೆನಪಿಲ್ಲ, ತೆರೆದು ನೋಡಿಲ್ಲ. ತಡವಾಯಿತು, ಸೊಂಟ ಹಿಡಿದುಕೊಂಡಿತ್ತು. ಕೆಲಸ ಮುಗಿದ ಮೇಲೆ ವಾಪಸು ಕಳಿಸಬೇಕಾಗಿಲ್ಲ.

ಮಾವ

&nbsp;

ಏಪ್ರಿಲ್ 19

ಮಾವ,

ಪೆಟ್ಟಿಗೆ ಗುರುವಾರ ಬಂತು. ಸೇನಾಪತಿ, ಕುದುರೆಗಳು, ಕಹಳೆಯವನು, ಎಲ್ಲ ಒಂದು ಬೆರಳಿನ ಗೆಣ್ಣಿನಷ್ಟು ಎತ್ತರ. ತಳದಲ್ಲಿ ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿದ ಒಂದು ಮೇಣದ ತಲೆ ಮಾತ್ರ ನಿಂಬೆಹಣ್ಣಿನ ಗಾತ್ರದ್ದು. ಕೆಸರಾಳಿನ ಮುಖವನ್ನು ನೀವು ಮೊದಲು ದೊಡ್ಡದಾಗಿ ಮಾಡಿಕೊಂಡು, ಅದನ್ನು ನೋಡುತ್ತ ಚಿಕ್ಕದನ್ನು ತಿದ್ದಿದ್ದೀರಿ. ಬಣ್ಣವಿಲ್ಲ. ಹುಬ್ಬಿನ ಕೂದಲು ಒಂದೊಂದೂ ಕಾಣುತ್ತದೆ. ಕೆಳತುಟಿ ಸ್ವಲ್ಪ ಒಳಗೆ ಕಚ್ಚಿಕೊಂಡಿದೆ. ಎಡಗಿವಿಯ ಮೇಲ್ಭಾಗ ಇಲ್ಲ.

ಅದನ್ನು ಪ್ರೂಫಿನ ಹಾಳೆಗಳ ಮೇಲೆ ಇಟ್ಟು ಕೈ ತೊಳೆಯಲು ಹೋಗಿದ್ದೆ. ಅಮ್ಮ ಲಾಂಡ್ರಿಯಿಂದ ಬಂದಳು. ನಿಮ್ಮ ಶೆಡ್ಡಿಗೆ ಅವಳು ಒಂದು ದಿನವೂ ಬಂದವಳಲ್ಲ, ಸೀಸದ ಹೊಗೆಗೆ ತಲೆನೋವು ಎಂದು. ನಿಮ್ಮ ಗೊಂಬೆಯ ಮುಖವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ನಾನು ತಿರುಗಿ ಬಂದಾಗ ಆ ತಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಕಿರುಬೆರಳನ್ನು ಆ ಕಿವಿಯ ಮೇಲೆ ಇಟ್ಟು ಕೇಳಿದಳು: "ಇದನ್ನ ಯಾರು ಕಿತ್ತರು?"

"ಯಾರ ತಲೆ ಅಮ್ಮಾ ಇದು?"

"ನಿಮ್ಮಪ್ಪಂದು. ಆವತ್ತು ಬೆಳಗ್ಗೆ ಹೋಗುವಾಗ ಕಿವಿ ಸರಿಯಾಗೇ ಇತ್ತಲ್ಲೇ. ಚಳಿ ಅಂತ ನಾನೇ ಮಫ್ಲರ್ ಸುತ್ತಿ ಕಳ್ಸಿದ್ದೆ, ಎರಡೂ ಕಿವಿ ಮುಚ್ಚಿ. ಆಮೇಲೆ ನಾನು ಅವರನ್ನ ನೋಡ್ಲೇ ಇಲ್ಲ. ನಿಮ್ಮ ಮಾವನಿಗೆ ಹೆಂಗೆ ಗೊತ್ತು?"

ಇದೇ ಪ್ರಶ್ನೆಯನ್ನು ನಾನು ನಿಮಗೆ ಕೇಳುತ್ತಿದ್ದೇನೆ. ಹೇಗೆ ಗೊತ್ತು?

ಗಾಳಿಗುಳ್ಳೆ ಎಂದಿರಿ. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಎಂಟು ಕೆಸರಾಳುಗಳನ್ನು ಸಾಲಾಗಿ ನಿಲ್ಲಿಸಿದೆ. ಎಂಟಕ್ಕೂ ಅದೇ ಕಿವಿ, ಅದೇ ಜಾಗ, ಅದೇ ಆಕಾರ. ಏಳು ವರ್ಷದವಳಿದ್ದಾಗ ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಕಲಿಸಿದ್ದೀರಿ: "ಗಾಳಿಗುಳ್ಳೆ ಕಳ್ಳ ಇದ್ದ ಹಾಗೆ ಕಣೇ, ಒಂದೇ ಮನೆಗೆ ಎರಡು ಸಲ ಬರಲ್ಲ. ಎಲ್ಲಾ ಗೊಂಬೆಯಲ್ಲೂ ಒಂದೇ ಕಡೆ ಊನ ಇದ್ರೆ ತಪ್ಪು ಹೊಯ್ದ ಕೈಯದಲ್ಲ, ಮೂಲಗೊಂಬೆ ತಿದ್ದಿದ ಕೈಯದು." ಎರಕದವರ ಮನೆಯಲ್ಲಿ ಬೆಳೆದವಳಿಗೆ ಆ ಸುಳ್ಳು ಹೇಳಿದಿರಲ್ಲ. ನಾನೂ ಎರಡು ತಿಂಗಳು ಅದನ್ನು ನಂಬಿಕೊಂಡು ಕೂತೆನಲ್ಲ. ಯಾವುದಕ್ಕೆ ಹೆಚ್ಚು ಅಸಹ್ಯಪಡಬೇಕೋ ತಿಳಿಯುತ್ತಿಲ್ಲ.

ಇಲ್ಲ, ತಿಳಿದಿದೆ. ನನ್ನ ಕೈಗೆ. ಆ ವಯಸ್ಸಿನಲ್ಲಿ ನನ್ನ ಕೈಗೆ ಮೂರು ಕೂದಲಿನ ಕುಂಚ ಕೊಟ್ಟು ಕೆಸರಾಳುಗಳಿಗೆ ಬಣ್ಣ ಹಚ್ಚಿಸಿದಿರಿ. ನಾನು ಕಣ್ಣು ಬರೆಯಲು ಹೋದಾಗ, "ಕಣ್ಣು ಬೇಡ ಪುಟ್ಟಿ, ಮುಖಕ್ಕೆಲ್ಲ ಕೆಸರು ಬಳಿ ಸಾಕು," ಅಂದಿರಿ. ಎಷ್ಟು ಬಳಿದಿರಬಹುದು, ಒಂದು ಸಾವಿರ? ಬೇಗ ಬಳಿದರೆ ಪೆಪ್ಪರ್‌ಮಿಂಟು ಕೊಡುತ್ತಿದ್ದಿರಿ. ನನ್ನ ಅಪ್ಪನ ಮುಖಕ್ಕೆ ನನ್ನ ಕೈಯಿಂದಲೇ ಕೆಸರು, ಅದಕ್ಕೆ ಪೆಪ್ಪರ್‌ಮಿಂಟು. ನಿನ್ನೆಯಿಂದ ಬಾಯಲ್ಲಿ ಆ ರುಚಿ ಹೋಗುತ್ತಿಲ್ಲ. ಪ್ರೂಫ್ ತಿದ್ದುವಾಗ ನಾನೂ ಹಾಗೆಯೇ ಕೆಳತುಟಿ ಕಚ್ಚಿಕೊಳ್ಳುತ್ತೇನೆ ಎಂದು ಈಗ ಗಮನಿಸಿದೆ.

ನನ್ನ ಹತ್ತಿರ ಒಂದು ಖಾಲಿ ಹಾಳೆ ಇದೆ. ಇದರ ಜೊತೆ ಇಟ್ಟಿದ್ದೇನೆ. ಮೂರು ಖಾನೆ ತುಂಬಿ ಕಳಿಸಿ. ಅದು ಬರುವ ತನಕ ನಾನು ಒಂದು ಸಾಲೂ ಬರೆಯುವುದಿಲ್ಲ.

&nbsp;

ಮೇ 30

ಹಾಳೆ ಬಂದಿಲ್ಲ. ಪ್ರಕಾಶಕರು ಎರಡು ಸಲ ಕೇಳಿದರು. ಲೇಖಕರ ಮಾವನಿಗೆ ಸೊಂಟ ಹಿಡಿದಿದೆ ಎಂದು ಹೇಳಿದ್ದೇನೆ.

ಅಮ್ಮ ಆ ತಲೆಯನ್ನು ಕಿಟಕಿಯ ಮೇಲೆ ಇಟ್ಟಿದ್ದಾಳೆ. ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ ಎಂದರೆ, ಮಧ್ಯಾಹ್ನ ಮಾತ್ರ ಒಳಗೆ ತೆಗೆದಿಡುತ್ತಾಳೆ.

&nbsp;

ಜುಲೈ 2

ಪುಟ್ಟೀ,

ಹಾಳೆ ಇದರ ಜೊತೆಗಿದೆ. ಅಕ್ಷರ ಚೆನ್ನಾಗಿಲ್ಲ. ಓದಲು ಬಾರದಿದ್ದರೆ ಎಂದು ಇಲ್ಲಿಯೂ ಬರೆಯುತ್ತೇನೆ.

ಬೇಕು: ಕೇಳಲಿಲ್ಲ.

ಭಯ: ಹೆಂಡತಿಯ ತಮ್ಮ.

ಗುಟ್ಟು: ಅವನು ಒಳಗೆ ಹೋಗಲಿಲ್ಲ.

ಬಾಗಿಲಲ್ಲಿ ನಾವು ಎಂಟು ಜನ ಇದ್ದೆವು. ಭಾವ ಒಬ್ಬನೇ ಬಂದ. ನನ್ನನ್ನು ನೋಡಿ, "ಬರೀ ಇವತ್ತೊಂದಿನ ಬಿಡೋ. ಯಾಕೆ ಅಂತ ಹೇಳ್ತೀನಿ, ಈ ಕಡೆ ಬಾ," ಅಂದ. ಉಳಿದ ಏಳು ಜನ ನನ್ನ ಮುಖ ನೋಡುತ್ತಿದ್ದರು. ಅಕ್ಕನ ಗಂಡ ಅಂತ ಬಿಟ್ಟುಬಿಡ್ತಾನಾ ಅಂತ. ನಾನು, "ಏನಿದ್ರೂ ಎಲ್ಲರ ಮುಂದೆ ಹೇಳು," ಅಂದೆ. ಅವನು ತುಟಿ ಕಚ್ಚಿಕೊಂಡು ನಿಂತ. ಅಚ್ಚಿನ ಮರಳು ನುಣುಪು ಮಾಡುವ ಚಿಕ್ಕ ಕರಣೆ ನನ್ನ ಕೈಯಲ್ಲಿತ್ತು. ಯಾರೂ ಹೊಡಿ ಅನ್ನಲಿಲ್ಲ. ನಾನೇ ಮೊದಲು. ಮಫ್ಲರ್ ಕೈಗೆ ಬಂತು. ಅದರ ಜೊತೆಗೆ ಬಂದದ್ದನ್ನು ಬರೆಯುವುದಿಲ್ಲ.

ಬಾಗಿಲ ಪಕ್ಕದ ಚರಂಡಿಯಲ್ಲಿ ಬಿದ್ದ. ಎದ್ದಾಗ ಮುಖವೆಲ್ಲ ಕೆಸರು, ಕಣ್ಣೂ ಕಾಣುತ್ತಿರಲಿಲ್ಲ. ಬಾಗಿಲಿನ ಕಡೆ ಹೋಗಲಿಲ್ಲ. ಮನೆ ಕಡೆಯೂ ಹೋಗಲಿಲ್ಲ. ಬಸ್ ನಿಲ್ದಾಣದ ರಸ್ತೆಯಲ್ಲಿ ನಡೆದುಹೋದ. ಅಷ್ಟೇ ನನಗೆ ಗೊತ್ತಿರುವುದು. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಲಾರಿಯ ಕಥೆ ನನ್ನದು.

ಅಕ್ಕನಿಗೆ ಒಳಗೆ ಹೋದ ಎಂದು ಹೇಳಿದೆ. ಒಳಗೆ ಹೋದ ಎಂದಾದರೆ ನಾನು ಹೊಡೆದದ್ದು ಸರಿಯಾಗುತ್ತಿತ್ತು. ಹೇಳಿ ಹೇಳಿ ಏಳು ಕೋಟೆ ಕಟ್ಟಬೇಕಾಯಿತು.

ಮೂಲಗೊಂಬೆ ಮಾಡುವಾಗ ಆ ಕಿವಿಗೆ ಮೂರು ಸಲ ಮೇಣ ಹಚ್ಚಿ ಪೂರ್ತಿ ಮಾಡಿದೆ. ಮೂರು ಸಲವೂ ನನ್ನ ಕೈಯೇ ಮತ್ತೆ ಕಿತ್ತಿತು. ಪೆಟ್ಟಿಗೆ ತೆರೆದು ನೋಡಿಲ್ಲ ಎಂದು ಬರೆದಿದ್ದೆ. ತೆರೆದಿದ್ದೆ. ತಲೆಯನ್ನು ಹೊರಗೆ ತೆಗೆದಿಟ್ಟು, ಒಂದು ವಾರ ಬಿಟ್ಟು ಮತ್ತೆ ಒಳಗಿಟ್ಟೆ.

ಪುಸ್ತಕ ಬೇಡ ಅಂದರೆ ಬೇಡ. ಅಕ್ಕನಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಮಾವ

&nbsp;

ಜುಲೈ 10

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಒಂದು ಸಾಲೂ ಬಿಡದೆ ಓದಿದೆ. ಅವಳು ನನ್ನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಮುಗಿಯುವ ತನಕ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಆಮೇಲೆ ಅಂಗಿ ಮಡಚಿ, "ಇಪ್ಪತ್ತಮೂರು ವರ್ಷ ನಾನು ಆ ಮನುಷ್ಯನ್ನ ಬೈಕೊಂಡು ಅನ್ನ ಉಂಡೆ," ಅಂದಳು. ನಿಮಗೆ ಏನಾದರೂ ಬರೆಯಬೇಕಾ ಎಂದು ಕೇಳಿದೆ. ಇಲ್ಲವೆಂದಳು. ಅದನ್ನು ಸಮಾಧಾನ ಎಂದು ಓದಬೇಡಿ.

ನಾನೂ ಕ್ಷಮಿಸಿಲ್ಲ. ನಿಮ್ಮ ಪತ್ರ ಮುಟ್ಟಿದ ಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಆದರೆ ಹೇಸಿಗೆ ಕೈಯಿಂದ ಹೋಗಲಿಲ್ಲ, ಏಕೆಂದರೆ ಅದು ನಿಮ್ಮ ಪತ್ರದ್ದಷ್ಟೇ ಆಗಿರಲಿಲ್ಲ. ಭಾನುವಾರ ಆ ಬೈಂಡರನ ಮನೆಗೆ ಹೋದೆ. ಗೋಡೆಯ ಮೇಲೆ ನಾನು ಅಂಟಿಸಿದ್ದನ್ನು ಅರ್ಧ ಕೆರೆದು ಬಿಟ್ಟಿದ್ದಾರೆ. ಅವನ ಹೆಸರಿನ ಕೊನೆಯ ಎರಡಕ್ಷರ ಇನ್ನೂ ಇವೆ. ನನ್ನ ಅಂಟು ಅಷ್ಟು ಗಟ್ಟಿ. "ಆವತ್ತು ನಿಮಗೆ ಏನು ಬೇಕಿತ್ತು?" ಎಂದು ಕೇಳಿದೆ. ಅವನು ನನ್ನನ್ನು ಗುರುತು ಹಿಡಿದ. "ಈಗ ಬಂದ್ಯಾ ತಾಯಿ, ಕೇಳೋಕೆ?" ಎಂದು ಬಾಗಿಲು ಹಾಕಿಕೊಂಡ. ನಾನು ಉಗುರಿನಿಂದ ಆ ಎರಡಕ್ಷರ ಕೆರೆಯುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ಅಂಟು ಬಿಡಲಿಲ್ಲ. ಮತ್ತೆ ಹೋಗುತ್ತೇನೆ, ನೀರು ತೆಗೆದುಕೊಂಡು.

ಪುಸ್ತಕ ಬರುತ್ತದೆ. ಕೆಸರಾಳುಗಳೂ ಇರುತ್ತಾರೆ, ಒಬ್ಬೊಬ್ಬರಿಗೂ ಬೇರೆ ಮುಖ. ಚಿತ್ರ ಬರೆಯುವವಳು ಹನ್ನೆರಡು ಮುಗಿಸಿದ್ದಾಳೆ. ದಾಳದಲ್ಲಿ ನಾಲ್ಕು ಬಿದ್ದರೆ ತೆಗೆಯುವ ನಿಯಮ ಇರುವುದಿಲ್ಲ. ಮುಖಪುಟದಿಂದ ನಿಮ್ಮ ಹೆಸರು ಹೊಡೆದುಹಾಕಬೇಕು ಎಂದು ಮೊದಲು ಅನ್ನಿಸಿತ್ತು. ಹೊಡೆದರೆ ನೀವು ಹೊಣೆ ತಪ್ಪಿಸಿಕೊಂಡು ಬಸ್ ಹತ್ತಿ ಹೋದ ಹಾಗಾಗುತ್ತದೆ. ಹೆಸರು ಇರಲಿ, ದೊಡ್ಡದಾಗಿಯೇ ಇರಲಿ, ಕೆಳಗೆ ನಾನೂ ಇರುತ್ತೇನೆ.

ಈಗ ಹಾಳೆಯ ವಿಷಯ. ಭಯ, ಗುಟ್ಟು ಎರಡನ್ನೂ ಒಪ್ಪಿದ್ದೇನೆ. 'ಬೇಕು' ಎಂಬಲ್ಲಿ ಕೇಳಲಿಲ್ಲ ಎಂದು ಬರೆದಿದ್ದೀರಿ. ಅದು ನಿಮ್ಮ ಉತ್ತರ, ಅವನದಲ್ಲ. ನಿಯಮದ ಪ್ರಕಾರ ಆ ಖಾನೆ ಖಾಲಿ. ಒಂದು ಖಾನೆ ಖಾಲಿ ಇದ್ದರೆ ಆಡುತ್ತಾ ತುಂಬಬಹುದು ಎಂದು ಫೆಬ್ರವರಿಯಲ್ಲೇ ತಿಳಿಸಿದ್ದೆ.

ಆ ಪಾತ್ರವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನೀವು ಆಡುತ್ತೀರಿ. ಮೇಲಿನಿಂದ ಬಗ್ಗಿ ನೋಡುವ ಆಟ ಅಲ್ಲ ಇದು. ಇಲ್ಲಿಗೆ ಬನ್ನಿ ಎಂದು ಕರೆಯುವುದೂ ಇಲ್ಲ, ಅಮ್ಮ ಇನ್ನೂ ಆ ಮಾತು ಹೇಳಿಲ್ಲ. ಪತ್ರದಲ್ಲೇ ಆಡೋಣ. ನಾನು ನಡೆಸುತ್ತೇನೆ. ದಾಳ ಬೇಕಾಗುವುದಿಲ್ಲ. ಶುರು ಮಾಡುತ್ತಿದ್ದೇನೆ.

ಬೆಳಗಿನ ಜಾವ. ಚಳಿ. ಹೆಂಡತಿ ನಿನ್ನ ಎರಡೂ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿ ಕಳಿಸಿದ್ದಾಳೆ. ಮನೆಯಲ್ಲಿ ಹನ್ನೊಂದು ತಿಂಗಳ ಮಗು ಮಲಗಿದೆ. ಕಾರ್ಖಾನೆಯ ಬಾಗಿಲಲ್ಲಿ ಎಂಟು ಜನ ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ ಕರಣೆ ಹಿಡಿದು ನಿಂತವನು ನಿನ್ನ ಹೆಂಡತಿಯ ತಮ್ಮ. "ಏನಿದ್ದರೂ ಎಲ್ಲರ ಮುಂದೆ ಹೇಳು," ಅನ್ನುತ್ತಿದ್ದಾನೆ.

ನೀನೇನು ಹೇಳುತ್ತೀಯ?